ಗುರುತಿಲ್ಲದ ಬಟ್ಟೆ

ಲಾಂಡ್ರಿಯಮ್ಮ ಎಲ್ಲರ ಜೊತೆ ಊಟಕ್ಕೆ ಕೂರುವುದನ್ನು ಯಾವಾಗ ಬಿಟ್ಟಳೆಂದು ಆ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಎಲ್ಲರೂ ಉಂಡೆದ್ದ ಮೇಲೆ ಒಲೆಯ ಪಕ್ಕ ನಿಂತುಕೊಂಡೇ ಎರಡು ತುತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಹೊರಗೆ ಹೋಗುವ ಕೆಲಸವಿದ್ದ ದಿನ ಅದೂ ಇಲ್ಲ, ಬರೀ ನೀರು. ಮಗ ಇದನ್ನು ಅಮ್ಮನ ಹಟ ಅಂದುಕೊಂಡಿದ್ದ. ಸೊಸೆ ಜಿಪುಣತನ ಅಂದುಕೊಂಡಿದ್ದಳು. ಗಂಡ ಏನಂದುಕೊಂಡಿದ್ದನೋ ಯಾರೂ ಕೇಳಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಇಸ್ತ್ರಿ ಮೇಜಿನ ಮುಂದೆ ನಿಂತಿರುವ ಮನುಷ್ಯ ಅವನು. ಕಿವಿ ಸ್ವಲ್ಪ ಮಂದ, ಬಾಯಿ ಅದಕ್ಕಿಂತ ಮಂದ.

ರಸ್ತೆಗೆ ಮುಖಮಾಡಿ ಲಾಂಡ್ರಿ, ಅದರ ಹಿಂದೆ ಎರಡು ಕೋಣೆ, ಅಡುಗೆಮನೆ, ಕೊನೆಗೆ ತೊಟ್ಟಿ ಮತ್ತು ತಂತಿಗಳಿರುವ ಹಿತ್ತಲು. ಬಟ್ಟೆ ಬರುವುದು ಮುಂದಿನಿಂದ, ಒಣಗುವುದು ಹಿಂದೆ. ಬೀದಿಯವರೆಲ್ಲ ಕರೆದೂ ಕರೆದೂ ಅವಳಿಗೆ ಲಾಂಡ್ರಿಯಮ್ಮ ಎಂಬ ಹೆಸರೇ ಗಟ್ಟಿಯಾಗಿತ್ತು. ಆ ಮನೆಯ ಕಸುಬಿನ ಜೀವಾಳವೆಂದರೆ ಗುರುತು. ಗಿರಾಕಿಗೊಂದು ದಾರ. ಎದುರಿನ ಕ್ಷೌರದಂಗಡಿಯ ಟವೆಲಿಗೆ ಕಪ್ಪು ದಾರದ ಗಂಟು, ಹಲ್ಲಿನ ಡಾಕ್ಟರ ಕೋಟಿಗೆ ಹಸಿರು, ಮೂಲೆಯ ಲಾಡ್ಜಿನ ಚಾದರಗಳಿಗೆ ಕೆಂಪು ದಾರದ ಮೂರು ಹೊಲಿಗೆ. ಚಾದರದ ಮೂಲೆ ತಿರುವಿ ನೋಡಿದರೆ ಸಾಕು, ಯಾರದ್ದೆಂದು ಜಗಳವೇ ಇಲ್ಲ. ಮನೆಯ ಬಟ್ಟೆಗೆ ಮಾತ್ರ ಗುರುತು ಹಾಕುತ್ತಿರಲಿಲ್ಲ. ಮನೆಯವರ ಬಟ್ಟೆ ಮನೆಯವರಿಗೆ ಗೊತ್ತಾಗದೇ ಇರುತ್ತದೆಯೇ ಎಂಬ ಧೈರ್ಯ.

ಲಾಂಡ್ರಿಯಮ್ಮನಿಗೆ ಮಲ ತಡೆದುಕೊಳ್ಳುವುದಕ್ಕೆ ಆಗುತ್ತಿರಲಿಲ್ಲ. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಮೊದಲು, ಮಗ ಹುಟ್ಟಿದ ಹೊಸತರಲ್ಲಿ, ಗಾಳಿ ನಿಲ್ಲುತ್ತಿರಲಿಲ್ಲ ಅಷ್ಟೆ. ಬಾಣಂತಿಯರಿಗೆಲ್ಲ ಹೀಗೇ ಇರಬೇಕು ಎಂದು ಸುಮ್ಮನಿದ್ದಳು. ಮಗಳು ಹುಟ್ಟಿದ ಮೇಲೆ ಅವಸರ ಶುರುವಾಯಿತು. ಬಂತು ಅನ್ನಿಸಿದರೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಓಡಬೇಕು. ಮುಟ್ಟು ನಿಂತ ಮೇಲೆ ಓಡುವುದಕ್ಕೂ ಸಮಯ ಸಿಗದಂತಾಯಿತು. ಕೆಲವೊಮ್ಮೆ ಆದ ಮೇಲಷ್ಟೇ ಗೊತ್ತಾಗುತ್ತಿತ್ತು, ಅದೂ ವಾಸನೆಯಿಂದ. ಇಸ್ತ್ರಿ ಮೇಜಿಗೆ ಹಾಸಲೆಂದು ಲಾಡ್ಜಿನವರು ಕೊಟ್ಟ ಹಳೆಯ ಚಾದರಗಳು ಅಟ್ಟದಲ್ಲಿದ್ದವು, ಒಂದು ಮಾತ್ರ ಯಾವಾಗಲೂ ಕೆಳಗಿನ ಗೂಡಿನಲ್ಲಿರುತ್ತಿತ್ತು. ಅದನ್ನು ಹರಿದು ಮಡಿಕೆ ಮಾಡಿ ಒಳಗಿಟ್ಟುಕೊಳ್ಳುತ್ತಿದ್ದಳು. ಎಲ್ಲರಿಗಿಂತ ಮೊದಲೆದ್ದು ತೊಟ್ಟಿಯಲ್ಲಿ ಒಗೆದು, ತಂತಿಯ ಮೇಲೆ ಬೇರೆ ಬಟ್ಟೆಯಡಿ ಒಣಹಾಕಿ, ಯಾರೂ ಬರುವ ಮುಂಚೆ ತೆಗೆಯುತ್ತಿದ್ದಳು. ಗಂಡನ ಗೊರಕೆಗೆ ನಿದ್ದೆ ಬರುವುದಿಲ್ಲವೆಂದು ಹೇಳಿ ಹಾಸಿಗೆಯನ್ನು ಪಾಯಿಖಾನೆಗೆ ಅಂಟಿದ ಹಿಂದಿನ ಕೋಣೆಗೆ ಹಾಕಿಕೊಂಡಿದ್ದಳು. ಪಾಪ, ಆ ಮನುಷ್ಯ ಗೊರಕೆಯನ್ನೇ ಹೊಡೆಯುತ್ತಿರಲಿಲ್ಲ.

ಹೀಗೇ ಕಾಲ ತಳ್ಳಬಹುದಿತ್ತು. ಆದರೆ ಮಗಳು ಬಸುರಿಯಾದಳು.

ಮಗಳಿದ್ದದ್ದು ಅರ್ಧ ದಿನದ ಬಸ್ಸಿನ ದಾರಿಯಲ್ಲಿ. ಪ್ರಯಾಣ ಮಾಡಬಾರದೆಂದು ಅಲ್ಲಿಯ ಡಾಕ್ಟರು ಕಟ್ಟುನಿಟ್ಟು ಮಾಡಿದ್ದರಂತೆ. ಹೆರಿಗೆಯ ಹೊತ್ತಿಗೆ ನೀನೇ ಬಂದುಬಿಡು ಎಂದು ಅವಳು ಫೋನಿನಲ್ಲಿ ಕೇಳಿದಳು. ಫೋನು ಅಂಗಡಿಯ ಮೇಜಿನ ಮೇಲೆ ಗಟ್ಟಿಯಾಗಿ ಮಾತಾಡುತ್ತಿತ್ತು, ಎಲ್ಲರ ಕಿವಿಗೂ ಬೀಳುತ್ತಿತ್ತು. ಲಾಂಡ್ರಿಯಮ್ಮನ ಕಣ್ಣ ಮುಂದೆ ಬಂದದ್ದು ಮೊಮ್ಮಗುವಲ್ಲ, ಬಸ್ಸು. ಎಲ್ಲೂ ನಿಲ್ಲದ ಬಸ್ಸು, ಪಕ್ಕದಲ್ಲಿ ಯಾರೋ ಅಂಟಿ ಕೂತಿರುವುದು, ಮುಚ್ಚಿದ ಕಿಟಕಿ.

"ಲಾಂಡ್ರಿ ಬಿಟ್ಟು ಹೇಗಮ್ಮ ಬರ್ಲಿ?" ಅಂದಳು.

"ಅಣ್ಣ ಇದಾನೆ, ಅತ್ತಿಗೆ ಇದಾರೆ, ಅಪ್ಪ ಇದಾರೆ. ನೀನಿಲ್ದೆ ಮುಳುಗೋಗುತ್ತಾ ಲಾಂಡ್ರಿ?"

"ನೋಡೋಣ."

"ಮದುವೆಗೆ ಮುಂಚೆ ಗಂಡಿನ ಮನೆ ನೋಡೋಕೆ ಬಾ ಅಂದೆ, ನೀನು ನೋಡೋಣ ಅಂದೆ. ಜ್ವರ ಬಂದು ಮಲಗಿದ್ದಾಗ ಬಾ ಅಂದೆ, ನೋಡೋಣ ಅಂದೆ. ನಾನು ಸತ್ರೂ ನೋಡೋಣ ಅಂತೀಯೇನೋ."

ಫೋನು ಕುಕ್ಕಿದ ಸದ್ದು. ಸೊಸೆ ಚಾದರ ಮಡಚುವುದನ್ನು ನಿಲ್ಲಿಸಿ, ನೀವು ಹೋಗಿ ಬನ್ನಿ ಅತ್ತೆ, ಇಲ್ಲಿ ನಾನು ನೋಡ್ಕೋತೀನಿ ಅಂದಳು. ಹೆತ್ತ ಮಗಳು ಕರೆದರೂ ಹೋಗದಷ್ಟು ಕಲ್ಲು ಮನಸ್ಸು ಯಾಕಪ್ಪಾ ಎಂದು ಮಗ ಗೋಡೆಗೆ ಹೇಳಿದ. ಲಾಂಡ್ರಿಯಮ್ಮ ಕೈಯಲ್ಲಿದ್ದ ಟವೆಲಿಗೆ ಕಪ್ಪು ಗಂಟು ಹಾಕಿದಳು. ಅವಳಿಗೆ ಅಳು ಬರಲಿಲ್ಲ. ಒಳಗೆ ಏನೋ ಮರಗಟ್ಟಿ ಬಹಳ ಕಾಲವಾಗಿತ್ತು; ಚುಚ್ಚಿದರೂ ಎಲ್ಲೋ ದೂರದಲ್ಲಿ ಯಾರಿಗೋ ಚುಚ್ಚಿದಂತೆ.

ಅದಾದ ವಾರದೊಳಗೇ ಅವಳ ಲೆಕ್ಕಾಚಾರ ತಪ್ಪಿತು. ಲಾಡ್ಜಿನಲ್ಲಿ ಯಾವುದೋ ದೊಡ್ಡ ಗುಂಪು ಬಂದಿಳಿದದ್ದರಿಂದ, ಚಾದರ ಬೇಗ ಬೇಕೆಂದು ಹೇಳಿ ಕಳಿಸಿದ್ದರು. ಅದಕ್ಕೆ ಸೊಸೆ ಎಂದಿಗಿಂತ ಮುಂಚೆ ಎದ್ದಳು. ಲಾಂಡ್ರಿಯಮ್ಮ ಕೊಳೆಯಾದ ಮಡಿಕೆಯನ್ನು ಕೈಯಲ್ಲಿ ಹಿಡಿದು ತೊಟ್ಟಿಯ ಕಡೆ ಹೊರಟಿದ್ದವಳು ಹೆಜ್ಜೆ ಸದ್ದು ಕೇಳಿ ಗಾಬರಿಯಾದಳು. ಪಕ್ಕದಲ್ಲೇ ಲಾಡ್ಜಿನ ಬಟ್ಟೆಯ ಗಂಟು ಬಿಚ್ಚಿ ಬಿದ್ದಿತ್ತು. ಅದರೊಳಗೆ ತುರುಕಿದಳು. ಆಮೇಲೆ ತೆಗೆದರಾಯಿತು ಅಂದುಕೊಂಡಳು. ಆ ಆಮೇಲೆ ಬರಲೇ ಇಲ್ಲ.

ಬಟ್ಟೆ ವಿಂಗಡಿಸುವುದರಲ್ಲಿ ಸೊಸೆಯ ಕಣ್ಣು ಬಲು ಚುರುಕು. ಇದು ತುಕ್ಕು, ಇದು ಟೀ, ಇದು ಮೂಗಿನ ರಕ್ತ, ಇದು ಮೂಗಿನದಲ್ಲ ಎಂದು ದೂರದಿಂದಲೇ ಹೇಳುವವಳು. ಅಂಥವಳು ಮಡಿಕೆಯನ್ನು ಎರಡು ಬೆರಳಲ್ಲಿ ಎತ್ತಿ ಗಂಡನನ್ನು ಕರೆದಳು. ಮಗ ಅದನ್ನು ಕೋಲಿನ ತುದಿಯಲ್ಲಿ ತೆಗೆದುಕೊಂಡು ಬೆಳಕಿಗೆ ಹಿಡಿದ.

"ಯಾರದ್ದು ಇದು?"

ಸೊಸೆ ಮೂಲೆ ತಿರುವಿ ತೋರಿಸಿದಳು. ಮಾಸಿದ ಕೆಂಪು ದಾರ, ಮೂರು ಹೊಲಿಗೆ. "ಇನ್ಯಾರದ್ದು, ಲಾಡ್ಜಿಂದು. ಇಂಥದ್ದನ್ನೂ ಕಳಿಸ್ತಾರೆ ಅಂದ್ರೆ ನಮ್ಮನ್ನ ಏನಂದ್ಕೊಂಡಿದಾರೆ ಇವರು?"

ಮಗನಿಗೆ ಇನ್ನೂ ಅನುಮಾನ. ಗುರುತಿನ ವಿಷಯದಲ್ಲಿ ಆ ಮನೆಯಲ್ಲಿ ಕೊನೆಯ ಮಾತು ತಾಯಿಯದು. "ಅಮ್ಮ, ನೀನು ನೋಡಿ ಹೇಳು" ಅಂದ.

ಲಾಂಡ್ರಿಯಮ್ಮ ಹತ್ತಿರ ಬಂದು ನೋಡಿದಳು. ತಾನೇ ಹರಿದ ಅಂಚು, ತಾನೇ ಹಾಕಿದ ಮಡಿಕೆ. "ಲಾಡ್ಜಿಂದೇ" ಅಂದಳು. ಧ್ವನಿ ನಡುಗಲೂ ಇಲ್ಲ.

ಮಗ ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ನೇರ ಲಾಡ್ಜಿಗೆ ಹೋದ. ಬಂದವರೆಲ್ಲ ಕೂತಿದ್ದ ಕೋಣೆಯಲ್ಲೇ ಮ್ಯಾನೇಜರ ಮುಂದೆ ಚೀಲ ಬಿಚ್ಚಿದನಂತೆ. ನಾವು ಕೊಡೋದು ಚಾದರ, ಚಿಂದಿಯಲ್ಲ ಎಂದು ಮ್ಯಾನೇಜರು ಅಂದರಂತೆ. ಗುರುತು ಸುಳ್ಳು ಹೇಳುತ್ತಾ ಎಂದು ಇವನು. ಮಾತಿಗೆ ಮಾತು ಬೆಳೆಯಿತು. ಗಿರಾಕಿಗಳ ಎದುರು ಮಾನ ಕಳೆದವನಿಗೆ ಇನ್ನು ಒಂದು ದಿಂಬಿನ ಚೀಲವನ್ನೂ ಕೊಡುವುದಿಲ್ಲವೆಂದು ಮ್ಯಾನೇಜರು ಬಾಗಿಲು ತೋರಿಸಿದರು. ಮಗ ಬರಿಗೈಯಲ್ಲಿ ವಾಪಸು ಬಂದ.

ಲಾಡ್ಜು ಹೋದರೆ ಲಾಂಡ್ರಿಯ ಬೆನ್ನುಮೂಳೆಯೇ ಹೋದಂತೆ. ಮುಂದಿನ ವಾರಗಳಲ್ಲಿ ಅದು ಊಟದ ಮೇಜಿನ ಮೇಲೆ ಕಾಣತೊಡಗಿತು. ಮೊದಲು ಮೊಟ್ಟೆ ಮಾಯವಾಯಿತು, ಆಮೇಲೆ ಬೆಣ್ಣೆ, ಆಮೇಲೆ ಟೀಯಲ್ಲಿದ್ದ ಹಾಲು ಹೆಸರಿಗೆ ಮಾತ್ರ ಉಳಿಯಿತು. ಬೇಯಿಸಿದ ಆಲೂಗಡ್ಡೆ, ಅನ್ನ, ಮತ್ತೆ ಬೇಯಿಸಿದ ಆಲೂಗಡ್ಡೆ. ನಿಮ್ಮ ಬಾಯಿಗೆ ಬ್ರೇಕಿದ್ದಿದ್ದರೆ ಇಷ್ಟಾಗುತ್ತಿತ್ತೇ ಎಂದು ಸೊಸೆ, ಚಿಂದಿ ಎತ್ತಿ ತೋರಿಸಿದವಳು ಯಾರು ಎಂದು ಮಗ. ತಟ್ಟೆ ಕುಕ್ಕಿದ ಸದ್ದಿಗೆ ಮಾವನೂ ತಲೆಯೆತ್ತಿ ನೋಡುವಷ್ಟಾಯಿತು. ಲಾಂಡ್ರಿಯಮ್ಮ ಒಲೆಯ ಪಕ್ಕ ನಿಂತು ಇದೆಲ್ಲ ಕೇಳಿಸಿಕೊಂಡಳು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆ ಮಾತು ಬಾಯಿಗೆ ಬರಲಿಲ್ಲ. ಮಗಳಿಗೆ ಅವಳೇ ಫೋನು ಮಾಡಿದರೆ ಅಳಿಯ ಎತ್ತಿ, ಅವಳು ಮಲಗಿದಾಳೆ ಅತ್ತೆ, ಅನ್ನುತ್ತಿದ್ದ. ಯಾವ ಹೊತ್ತಿಗೆ ಮಾಡಿದರೂ ಅವಳು ಮಲಗಿರುತ್ತಿದ್ದಳು.

ಇಸ್ತ್ರಿ ಮೇಜಿನ ಹಾಸು ಸುಟ್ಟು ಕಪ್ಪಾಗಿತ್ತು. ಬದಲಾಯಿಸಲೆಂದು ಸೊಸೆ ಒಂದು ಮಧ್ಯಾಹ್ನ ಏಣಿ ಹಾಕಿ ಅಟ್ಟ ಹತ್ತಿದಳು. ಹಳೆಯ ಚಾದರಗಳ ರಾಶಿ ಅರ್ಧಕ್ಕಿಂತ ಕಡಿಮೆಯಾಗಿತ್ತು. ಇಳಿದು ನೋಡಿದರೆ ಕೆಳಗಿನ ಗೂಡಿನಲ್ಲಿ ಒಂದು ಚಾದರ ಮಡಚಿಟ್ಟಿತ್ತು. ಅದರ ಒಂದು ಬದಿಯಿಂದ ಪಟ್ಟಿಗಳನ್ನು ಹರಿದು ತೆಗೆದಿದ್ದರು, ಎಲ್ಲ ಒಂದೇ ಅಳತೆಗೆ. ಮೂಲೆಯಲ್ಲಿ ಮಾಸಿದ ಕೆಂಪು ದಾರ. ಅವಳು ಗೇಣು ಹಾಕಿ ನೋಡಿದಳು, ಆವತ್ತಿನ ಚಿಂದಿಯದೇ ಅಳತೆ.

ರಾತ್ರಿಯ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು: "ಆ ಚಿಂದಿ ಲಾಡ್ಜಿಂದಲ್ಲ ರೀ. ನಮ್ಮ ಅಟ್ಟದ್ದು."

ಮಗನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. "ಹಾಗಾದ್ರೆ ಯಾರದ್ದು?"

ಒಲೆಯ ಪಕ್ಕ ಲಾಂಡ್ರಿಯಮ್ಮ ತಟ್ಟೆ ಹಿಡಿದು ನಿಂತಿದ್ದಳು.

"ನಂದು" ಅಂದ ಅವಳ ಗಂಡ.

ಅವನು ತಲೆ ಎತ್ತಲೂ ಇಲ್ಲ. ಆಲೂಗಡ್ಡೆಯ ಸಿಪ್ಪೆ ಬಿಡಿಸುತ್ತಲೇ ಇದ್ದ. ಮಗ ಮೊದಲು ನಂಬಲಿಲ್ಲ. ನಿಮಗೆ ಕೇಳಿಸ್ತಾ ಅಪ್ಪ ನಾವೇನು ಮಾತಾಡ್ತಿದೀವಿ ಅಂತ, ಎಂದು ಗಟ್ಟಿಯಾಗಿ ಕೇಳಿದ.

"ಕೇಳಿಸ್ತು ಕಣೋ. ವಯಸ್ಸಾಯ್ತು, ತಡೆಯೋಕಾಗಲ್ಲ. ಹೇಳೋಕೆ ನಾಚಿಕೆ ಆಯ್ತು. ನಾಳೆ ಹೋಗಿ ಲಾಡ್ಜಿನವನ ಹತ್ರ ತಪ್ಪಾಯ್ತು ಅಂತ ಹೇಳು. ಈಗ ಉಪ್ಪು ಕೊಡು."

ಮಗ ಉಪ್ಪು ಕೊಟ್ಟ. ಎಲ್ಲರೂ ಉಂಡರು. ಪಾತ್ರೆ ತೊಳೆಯುವಾಗ ಗಂಡ ಲೋಟ ಇಡುವ ನೆವದಲ್ಲಿ ಹತ್ತಿರ ಬಂದ. ಲಾಂಡ್ರಿಯಮ್ಮ ನಲ್ಲಿಯ ಕಡೆ ನೋಡುತ್ತಲೇ, ನಿಮಗೆ ಯಾವತ್ತಿಂದ ಗೊತ್ತು ಎಂದು ಕೇಳಿದಳು.

"ಅಟ್ಟದ ಮೇಲಿನ ಚಾದರ ತಾನಾಗೇ ಕೆಳಗಿನ ಗೂಡಿಗೆ ಇಳಿದು ಬರುತ್ತಾ? ಏಣಿ ಹತ್ತೋಕೆ ನಿನ್ನ ಮಂಡಿ ಎಲ್ಲಿ ಬಿಡುತ್ತೆ" ಎಂದು ಹೇಳಿ ಅವನು ಮಲಗಲು ಹೋದ.

ಅಷ್ಟು ವರ್ಷ ಚಾದರ ಅಲ್ಲಿ ಸುಮ್ಮನೆ ಇರುತ್ತದೆ ಅಂದುಕೊಂಡಿದ್ದಳು ಅವಳು. ಮುಗಿದಾಗೆಲ್ಲ ಇನ್ನೊಂದು ಇರುತ್ತಿತ್ತು. ಯಾರು ಇಟ್ಟರೆಂದು ಯೋಚಿಸಲೂ ಇಲ್ಲ. ಈಗ ಅದನ್ನು ತಿಳಿದು ಸಂತೋಷವಾಗಬೇಕಿತ್ತು, ಇಲ್ಲವೇ ಸಂಕಟವಾಗಬೇಕಿತ್ತು. ಎರಡೂ ಆಗಲಿಲ್ಲ. ಉಳಿದ ಪಾತ್ರೆ ತೊಳೆದಿಟ್ಟಳು.

ಮಗ ಲಾಡ್ಜಿಗೆ ಹೋಗಿ, ಅಪ್ಪನಿಗೆ ಹುಷಾರಿಲ್ಲ, ಗಂಟಿನಲ್ಲಿ ಬೆರೆತುಹೋಗಿತ್ತು ಎಂದು ಕೈಮುಗಿದ. ಮ್ಯಾನೇಜರಿಗೂ ಬೇರೆ ಲಾಂಡ್ರಿಯವರ ಒಗೆತ ಸರಿಬಂದಿರಲಿಲ್ಲ. ಒಂದಿಷ್ಟು ಗೊಣಗಿ ಮತ್ತೆ ಗಂಟು ಕಳಿಸಿದರು. ಮೊಟ್ಟೆ ಮೇಜಿಗೆ ಮರಳಿತು. ಆದರೆ ಮಾತು ಬೀದಿಗೆ ಬಿತ್ತು. ಮುಂದಿನ ಸಲ ಮುದುಕ ಗಡ್ಡ ತೆಗೆಸಲು ಎದುರಿನ ಅಂಗಡಿಗೆ ಹೋದಾಗ, ಕ್ಷೌರದವನು ಕುರ್ಚಿಯ ಮೇಲೆ ಮೊದಲು ಪ್ಲಾಸ್ಟಿಕ್ ಹಾಳೆ ಹಾಸಿ, ಬನ್ನಿ ಯಜಮಾನ್ರೇ, ಕೂತ್ಕೊಳ್ಳಿ ಅಂದ. ಕಾಯುತ್ತ ಕೂತವರು ಪೇಪರಿನೊಳಗೆ ಮುಖ ಹುದುಗಿಸಿದರು. ಮುದುಕ ಹಾಳೆಯ ಮೇಲೆ ಕೂತ. ಲಾಂಡ್ರಿಯಮ್ಮ ಅಂಗಡಿಯ ಮೇಜಿನಿಂದ ಅದನ್ನು ನೋಡಿದಳು. ಬಹಳ ದಿನದ ಮೇಲೆ ಅವಳಿಗೆ ಎಲ್ಲೋ ಒಳಗೆ ನೋವಾಯಿತು.

ಸೊಸೆ ಮಾತ್ರ ಮಾವನ ಮಾತನ್ನು ಒಂದು ಗಳಿಗೆಯೂ ನಂಬಿರಲಿಲ್ಲ. ಅವನ ಬಟ್ಟೆ ದಿನವೂ ಒಗೆಯುವವಳು ಅವಳೇ. ಅತ್ತೆಯ ಬಟ್ಟೆ ಒಂದು ದಿನವೂ ಅವಳ ಕೈಗೆ ಬಂದಿರಲಿಲ್ಲ. ಅದು ಈಗ ಹೊಳೆದಿತ್ತು. ಗಂಡಸರಿಬ್ಬರೂ ಹೊರಗಿದ್ದ ಹೊತ್ತು ನೋಡಿ, ಚಾದರದ ಎರಡು ಮೂಲೆ ಅತ್ತೆಯ ಕೈಗೆ ಕೊಟ್ಟು, ತಾನು ಎರಡು ಮೂಲೆ ಹಿಡಿದಳು. ಹಾಗೆ ಹಿಡಿದಾಗ ಯಾರೂ ತಪ್ಪಿಸಿಕೊಂಡು ಹೋಗುವಂತಿಲ್ಲ.

"ಎಷ್ಟು ದಿನದಿಂದ ಅತ್ತೆ?"

"ಏನು?"

"ಏನು ಅಂತ ನಿಮಗೂ ಗೊತ್ತು, ನಂಗೂ ಗೊತ್ತು. ಪಾಪ, ಮಾವ ಪ್ಲಾಸ್ಟಿಕ್ ಮೇಲೆ ಕೂತ್ಕೋತಿದಾರೆ."

ಲಾಂಡ್ರಿಯಮ್ಮ ಮೂಲೆಗೆ ಮೂಲೆ ಸೇರಿಸಿದಳು. ಚಾದರ ಮಡಚಿ ಮುಗಿಸಿ, "ನಿನ್ನ ಗಂಡ ಹುಟ್ಟಿದಾಗಿಂದ" ಅಂದಳು.

ಸೊಸೆ ಕರೆದುಕೊಂಡು ಹೋದ ಡಾಕ್ಟರು ಹೆಂಗಸು, ನಡುವಯಸ್ಸಿನವರು, ಮಾತು ನೇರ. ಗಾಳಿ ಮಾತ್ರ ಹೋಗುತ್ತೋ, ನೀರಾದದ್ದೋ, ಗಟ್ಟಿಯಾದದ್ದೂ ಹೋಗುತ್ತೋ, ಬರುವುದು ಮೊದಲೇ ಗೊತ್ತಾಗುತ್ತೋ ಇಲ್ಲವೋ, ಊಟಕ್ಕೆ ಮುಂಚೆಯೋ ಆಮೇಲೋ ಎಂದೆಲ್ಲ ತರಕಾರಿಯ ಬೆಲೆ ಕೇಳಿದಂತೆ ಕೇಳಿದರು. ಲಾಂಡ್ರಿಯಮ್ಮ ಎದುರಿನ ಗೋಡೆಯ ಕ್ಯಾಲೆಂಡರಿಗೆ ಉತ್ತರ ಹೇಳಿದಳು. ಸಕ್ಕರೆ ಕಾಯಿಲೆ ಇದೆಯೇ, ಆ ಜಾಗದಲ್ಲಿ ಯಾವುದಾದರೂ ಆಪರೇಷನ್ ಆಗಿದೆಯೇ, ಹೆರಿಗೆ ಹೇಗಾಯಿತು. ಮೊದಲನೆಯದು ಗಂಡು, ದಪ್ಪ ಮಗು, ಇಕ್ಕಳ ಹಾಕಿ ಎಳೆದರು ಎಂದಾಗ ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನೋಡಿದರು.

ಪಕ್ಕಕ್ಕೆ ತಿರುಗಿ ಮಲಗಲು ಹೇಳಿದರು. ಕೈಗವಸಿನ ಬೆರಳು ಒಳಗಿಟ್ಟು, ತಡೆದುಕೊಳ್ಳುವ ಹಾಗೆ ಬಿಗಿಹಿಡಿಯಿರಿ ಅಂದರು. ಅವಳು ಹಲ್ಲು ಕಚ್ಚಿ ಬಿಗಿಹಿಡಿದಳು. ಹಿಡೀರಿ, ಎಂದು ಡಾಕ್ಟರು ಮತ್ತೆ ಹೇಳಿದರು. ಹಿಡಿದಿದೀನಿ, ಅಂದಳು ಅವಳು. ಆಮೇಲೆ ಬೇರೆ ಕೋಣೆಯಲ್ಲಿ ತೆಳ್ಳಗಿನ ಕೊಳವೆಯೊಂದನ್ನು ಇಟ್ಟು ಸ್ಕ್ಯಾನ್ ಮಾಡಿದರು. ಗೋಡೆಯ ಸುಣ್ಣದಲ್ಲೊಂದು ಬಿರುಕಿತ್ತು; ಮುಗಿಯುವವರೆಗೂ ಅವಳು ಆ ಬಿರುಕನ್ನೇ ನೋಡಿದಳು.

ಡಾಕ್ಟರು ಕಾಗದದ ಮೇಲೆ ಒಂದು ಉಂಗುರ ಬರೆದು ಅದರ ಮುಂಭಾಗವನ್ನು ಅಳಿಸಿದರು. ಮಲದ್ವಾರವನ್ನು ಮುಚ್ಚಿಟ್ಟುಕೊಳ್ಳುವ ಸ್ನಾಯು ಹೀಗೆ ಉಂಗುರದಂತೆ ಇರುತ್ತದೆ. ಮಗು ಬರುವಾಗ ಇಲ್ಲಿ ಹರಿದಿದೆ. ಹೊರಗಿನ ಚರ್ಮ ಹೊಲಿದಿದ್ದಾರೆ, ಒಳಗಿನ ಸ್ನಾಯುವನ್ನು ಯಾರೂ ನೋಡಿಲ್ಲ. ಪ್ರಾಯದಲ್ಲಿ ಉಳಿದ ಸ್ನಾಯುಗಳು ಹೇಗೋ ಸಂಭಾಳಿಸುತ್ತವೆ, ವಯಸ್ಸಾದಂತೆ ಅವೂ ಸೋಲುತ್ತವೆ. ಬೇರೆ ಬೇರೆ ಕಾರಣಕ್ಕೆ ಹೀಗಾಗುವವರು ಎಷ್ಟೋ ಜನ, ಬಂದು ಹೇಳುವವರು ಕಡಿಮೆ.

"ಆವತ್ತೇ ಯಾರಾದ್ರೂ ಬೆರಳಿಟ್ಟು ಸರಿಯಾಗಿ ನೋಡಿ ಹೊಲಿದಿದ್ರೆ ಇಷ್ಟು ಕಷ್ಟ ಇರ್ತಿರಲಿಲ್ಲ" ಅಂದರು. "ನಿಮ್ಮದೇನೂ ತಪ್ಪಿಲ್ಲ."

ಹೊಸದರಂತೆ ಆಗುತ್ತದೆಂದು ಮಾತು ಕೊಡಲಾರೆ, ಆದರೆ ಕಡಿಮೆ ಮಾಡಬಹುದು ಎಂದು ಹೇಳಿ, ಊಟ ಬಿಡಬಾರದು, ಹೊತ್ತಿಗೆ ಸರಿಯಾಗಿ ಉಂಡು ಹೊತ್ತಿಗೆ ಸರಿಯಾಗಿ ಪಾಯಿಖಾನೆಗೆ ಕೂರಬೇಕು, ಟೀ ಕಡಿಮೆ, ಬಾಳೆಹಣ್ಣು ಇರಲಿ ಅಂದರು. ಬಿಗಿಹಿಡಿದು ಬಿಡುವ ವ್ಯಾಯಾಮ ಕಲಿಸಿದರು. ಪ್ರಯಾಣಕ್ಕೆ ಮುಂಚೆ ಒಂದು ಮಾತ್ರೆ. ಇದರಿಂದ ಸಾಲದಿದ್ದರೆ ಆಪರೇಷನ್ ಮಾತು ಆಮೇಲೆ. ಲಾಂಡ್ರಿಯಮ್ಮ ತಲೆಯಾಡಿಸಿದಳು. ಹೊರಗೆ ಬೆಂಚಿನ ಮೇಲೆ ಕೂತು ಅತ್ತವಳು ಸೊಸೆ.

"ನೀನ್ಯಾಕೆ ಅಳ್ತೀಯ?"

"ನೀವು ಅಳಲ್ವಲ್ಲ, ಅದಕ್ಕೆ" ಎಂದು ಮೂಗು ಒರೆಸಿಕೊಂಡು, "ನಿಮ್ಮ ಮಗನ್ನ ಹೆತ್ತಿದ್ದಕ್ಕೆ ನಿಮಗಿದು. ಕಟ್ಕೊಂಡಿದ್ದಕ್ಕೆ ನಂಗಿನ್ನೇನು ಕಾದಿದೆಯೋ" ಅಂದಳು. ಲಾಂಡ್ರಿಯಮ್ಮನ ತುಟಿಯ ಅಂಚು ಸ್ವಲ್ಪ ಅಲುಗಿತು.

ಸೊಸೆ ಮೆತ್ತನೆಯ ಬಟ್ಟೆ ತಂದು ಒಳಗೆ ಹತ್ತಿ ಇಟ್ಟು ಮಡಿಕೆಗಳನ್ನು ಹೊಲಿದಳು. ಪ್ರತಿಯೊಂದರ ಮೂಲೆಗೂ ನೀಲಿ ದಾರದ ಒಂದು ಗಂಟು. ಮನೆ ಬಟ್ಟೆಗೆ ಗುರುತು ಯಾಕೆ ಎಂದು ಲಾಂಡ್ರಿಯಮ್ಮ ಕೇಳಿದಳು. "ಇನ್ಮೇಲೆ ಇನ್ನೊಬ್ಬರ ತಲೆಗೆ ಕಟ್ಟೋ ಹಾಗಾಗಬಾರದು" ಅಂದಳು ಸೊಸೆ. ವ್ಯಾಯಾಮಕ್ಕೆ ಲಾಂಡ್ರಿಯಮ್ಮ ತನ್ನದೇ ದಾರಿ ಮಾಡಿಕೊಂಡಳು: ಒಂದು ಚಾದರ ಮಡಚುವಷ್ಟು ಹೊತ್ತು ಬಿಗಿಹಿಡಿಯುವುದು, ಮುಂದಿನದು ಮಡಚುವಷ್ಟು ಹೊತ್ತು ಬಿಡುವುದು. ಎದುರಿನಿಂದ ನೋಡಿದವರಿಗೆ ಮುದುಕಿ ಕೆಲಸದಲ್ಲಿ ಮುಳುಗಿದಂತೆ ಕಾಣುತ್ತಿತ್ತು. ವಾರಗಳು ಕಳೆದಂತೆ ಕೆಟ್ಟ ದಿನಗಳು ಕಡಿಮೆಯಾದವು. ಪೂರ್ತಿ ಹೋಗಲಿಲ್ಲ. ಊಟಕ್ಕೆ ಇನ್ನೂ ಒಲೆಯ ಪಕ್ಕವೇ ನಿಲ್ಲುತ್ತಿದ್ದಳು. ಗಂಡಸರಿಗೆ ಯಾರೂ ಏನೂ ಹೇಳಲಿಲ್ಲ, ಪ್ಲಾಸ್ಟಿಕ್ ಹಾಳೆ ಎದುರಿನ ಕುರ್ಚಿಯ ಮೇಲೆ ಹಾಗೇ ಉಳಿಯಿತು.

ಅಳಿಯನ ಫೋನು ಬಂದದ್ದು ಒಂದು ಬೆಳಿಗ್ಗೆ. ನೋವು ಶುರುವಾಗಿದೆ, ಆಸ್ಪತ್ರೆಗೆ ಸೇರಿಸಿದ್ದೇನೆ, ನಿಮ್ಮನ್ನು ಕರೆಯುವುದು ಬೇಡ ಅಂದಳು, ಆದರೂ ಮಾಡಿದೆ ಅಂದ. ಲಾಂಡ್ರಿಯಮ್ಮ ನೋಡೋಣ ಅನ್ನಲಿಲ್ಲ. ಮಾತ್ರೆ ನುಂಗಿದಳು. ಸೊಸೆ ಚೀಲಕ್ಕೆ ಮಡಿಕೆಗಳನ್ನು ತುಂಬಿದಳು. ಗಂಡ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಬಸ್ ನಿಲ್ದಾಣದವರೆಗೂ ಬಂದು, ಕಂಡಕ್ಟರನಿಗೆ ಏನೋ ಹೇಳಿ, ಬಾಗಿಲ ಪಕ್ಕದ ಸೀಟು ಹಿಡಿದುಕೊಟ್ಟ. ದಾರಿಯುದ್ದಕ್ಕೂ ಅವಳು ಮನಸ್ಸಿನಲ್ಲೇ ಚಾದರ ಮಡಚಿದಳು, ಬಿಗಿಹಿಡಿದಳು, ಬಿಟ್ಟಳು. ಏನೂ ಆಗಲಿಲ್ಲ. ಇಳಿದವಳು ನೇರ ಆಸ್ಪತ್ರೆಯ ದಾರಿ ಕೇಳಿದಳು.

ಹೆರಿಗೆ ಕೋಣೆಯ ಹೊರಗೆ ಬೆಂಚಿನ ತುಂಬ ಜನ. ಅಳಿಯ ಗೋಡೆಗೆ ಒರಗಿ ನಿಂತಿದ್ದ. ಅತ್ತೆಯನ್ನು ಕಂಡು ಅವನ ಕಣ್ಣು ತುಂಬಿತು. ಬಹಳ ಹೊತ್ತಾಗಿದೆ, ಮಗು ದೊಡ್ಡದಂತೆ ಅಂದ. ಲಾಂಡ್ರಿಯಮ್ಮ ಕೂರಲಿಲ್ಲ.

ಕೊನೆಗೆ ನರ್ಸು ಹೊರಗೆ ಬಂದು, ಹೆಣ್ಣುಮಗು, ಚೆನ್ನಾಗಿದೆ, ಬರಲಿಲ್ಲ ಅಂತ ಇಕ್ಕಳ ಹಾಕಿದರು, ತಾಯಿಗೆ ಸ್ವಲ್ಪ ಹರಿದಿತ್ತು, ಹೊಲಿಗೆ ಹಾಕಿದ್ದೇವೆ, ಗಾಬರಿ ಏನಿಲ್ಲ ಅಂದಳು. ಬೆಂಚಿನವರು ನಕ್ಕು ಅಳಿಯನ ಬೆನ್ನು ತಟ್ಟಿದರು. ಲಾಂಡ್ರಿಯಮ್ಮನಿಗೆ ಮಗನ ಹೆರಿಗೆಯ ದಿನ ಇದೇ ಮಾತು ಹೇಳಿದ್ದರು. ಹೆಚ್ಚುಕಡಿಮೆ ಇದೇ ಧ್ವನಿಯಲ್ಲಿ.

"ಹಿಂದಿನ ತನಕ ಹರಿದಿದೆಯಾ ನೋಡಿದ್ರಾ?"

"ಎಲ್ಲಾ ನೋಡಿದಾರೆ ಅಮ್ಮ, ಕೂತ್ಕೊಳ್ಳಿ."

"ಬೆರಳಿಟ್ಟು ನೋಡಿದ್ರಾ?"

ಬೆಂಚಿನವರು ಅವಳ ಕಡೆ ತಿರುಗಿದರು. ಅಳಿಯ ಮುಖ ಕೆಂಪಗೆ ಮಾಡಿಕೊಂಡು, ಅತ್ತೆ ಬಿಡಿ, ಅವರಿಗೆ ಗೊತ್ತಿರುತ್ತೆ ಎಂದು ಪಿಸುಗುಟ್ಟಿದ. ನರ್ಸು ಒಳಗೆ ಹೋಗಲು ತಿರುಗಿದಳು. ಲಾಂಡ್ರಿಯಮ್ಮ ಬಾಗಿಲಿಗೆ ಅಡ್ಡ ನಿಂತಳು. ಆಗಲೇ ಹೊಟ್ಟೆಯ ಕೆಳಗೆ ಅವಳಿಗೆ ಗೊತ್ತಿದ್ದ ಆ ಸೆಳೆತ ಬಂತು. ಪಾಯಿಖಾನೆ ಮೊಗಸಾಲೆಯ ತುದಿಯಲ್ಲಿತ್ತು, ಬಂದ ಕೂಡಲೇ ನೋಡಿಟ್ಟುಕೊಂಡಿದ್ದಳು. ಈಗ ಹೋದರೆ ನರ್ಸು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ.

ಅವಳು ಹೋಗಲಿಲ್ಲ.

"ನಂಗೆ ನೋಡಲಿಲ್ಲ" ಅಂದಳು. ಧ್ವನಿ ದೊಡ್ಡದಿರಲಿಲ್ಲ, ಆದರೆ ಅಲ್ಲಿ ಎಲ್ಲರಿಗೂ ಕೇಳಿಸಿತು. "ನನ್ನ ಮಗ ಹುಟ್ಟಿದಾಗ ನಂಗೂ ಹೀಗೇ ಇಕ್ಕಳ ಹಾಕಿದ್ರು. ಮೇಲೆ ಹೊಲಿದ್ರು, ಒಳಗೆ ನೋಡಲಿಲ್ಲ. ಅವತ್ತಿಂದ ನಂಗೆ ಮಲ ತಡೆಯೋಕೆ ಆಗಲ್ಲ. ಈಗಲೂ ಆಗ್ತಿಲ್ಲ, ಇಲ್ಲೇ ಹೋಗ್ತಿದೆ. ಡಾಕ್ಟರನ್ನ ಕರೀರಿ. ಅವರು ನೋಡೋ ತನಕ ನಾನು ಇಲ್ಲಿಂದ ಕದಲಲ್ಲ."

ವಾಸನೆ ಬಂತು. ಬೆಂಚಿನ ತುದಿಯಲ್ಲಿದ್ದವಳು ಎದ್ದು ದೂರ ಹೋದಳು. ಲಾಂಡ್ರಿಯಮ್ಮ ಎರಡೂ ಕೈ ಬಾಗಿಲ ಚೌಕಟ್ಟಿಗೆ ಹಿಡಿದು ನಿಂತೇ ಇದ್ದಳು. ನರ್ಸು ಅವಳ ಮುಖವನ್ನು ನೋಡಿದಳು, ಮೊಗಸಾಲೆಯಲ್ಲಿ ಹೋಗಿ ದೊಡ್ಡ ಡಾಕ್ಟರನ್ನು ಕರೆತಂದಳು. ಡಾಕ್ಟರು ಒಳಗೆ ಹೋಗಿ ಬಂದು, ಅಳಿಯನಿಗಲ್ಲ, ಅವಳಿಗೇ ಹೇಳಿದರು: "ಒಳಗೂ ಹರಿದಿದೆ. ಆಪರೇಷನ್ ಥಿಯೇಟರಿಗೆ ತಗೊಂಡು ಹೋಗಿ ಹೊಲೀತೀವಿ. ಈಗಲೇ ಗೊತ್ತಾಗಿದ್ದು ಒಳ್ಳೇದಾಯ್ತು."

ಮಗಳನ್ನು ತಳ್ಳುಗಾಡಿಯಲ್ಲಿ ಹೊರಗೆ ತಂದರು. ಬಿಳಿಚಿಕೊಂಡ ಮುಖ, ಒಣಗಿದ ತುಟಿ. ಬಾಗಿಲ ಆಚೆಯಿಂದ ಎಲ್ಲ ಕೇಳಿಸಿತ್ತು ಅವಳಿಗೆ. ತಾಯಿಯ ಕೈ ಹಿಡಿದು ಗಾಡಿಯನ್ನು ನಿಲ್ಲಿಸಿದಳು.

"ಅದಕ್ಕೇನಾ ಅಮ್ಮ, ನೀನು ಬರದೇ ಇದ್ದದ್ದು?"

"ಹೂಂ."

ಮಗಳು ಕೈ ಬಿಡಲಿಲ್ಲ. ಗಾಡಿ ಹೊರಟಾಗ ತಾನಾಗಿ ಬಿಟ್ಟಿತು.

ಲಾಂಡ್ರಿಯಮ್ಮ ಚೀಲ ತೆಗೆದುಕೊಂಡು ಮೊಗಸಾಲೆಯ ತುದಿಗೆ ನಡೆದಳು. ಬದಲಾಯಿಸಿಕೊಂಡಳು. ಮಡಿಕೆಯನ್ನು ನಲ್ಲಿಯ ಕೆಳಗೆ ತಿಕ್ಕಿ ತಿಕ್ಕಿ ಒಗೆದಳು, ನೀರು ತಿಳಿಯಾಗುವವರೆಗೆ. ಹೊರಗೆ ಬಾಲ್ಕನಿಯ ಕಂಬಿಯ ಮೇಲೆ ಬಿಸಿಲು ಬಿದ್ದಿತ್ತು. ಮೊದಲಿನ ಅಭ್ಯಾಸಕ್ಕೆ ಮೇಲೆ ಮುಚ್ಚಲು ಬೇರೆ ಬಟ್ಟೆಗಾಗಿ ಸುತ್ತ ನೋಡಿದಳು. ಯಾವುದೂ ಇರಲಿಲ್ಲ. ಹಾಗೆಯೇ ಹರವಿದಳು.

ನೆಲ ಒರೆಸುತ್ತ ಬಂದ ಆಯಾ ಅದನ್ನು ನೋಡಿ ಕೋಲು ನಿಲ್ಲಿಸಿದಳು. "ಯಾರದ್ದು ಇದು, ಇಲ್ಲಿ ಹಾಕಿರೋದು?"

"ನಂದು" ಅಂದಳು ಲಾಂಡ್ರಿಯಮ್ಮ.

ಇಲ್ಲಿ ಒಣಹಾಕುವ ಹಾಗಿಲ್ಲ ಎಂದು ಆಯಾ ಗೊಣಗಿದಳು. ಒಣಗಿದ ಕೂಡಲೇ ತೆಗೆಯುತ್ತೇನೆ ಎಂದು ಹೇಳಿ, ಲಾಂಡ್ರಿಯಮ್ಮ ಮುದುರಿಕೊಂಡಿದ್ದ ಮೂಲೆಯನ್ನು ಎಳೆದು ನೀಲಿ ಗಂಟು ಮೇಲೆ ಬರುವಂತೆ ನೇರ ಮಾಡಿದಳು. ಆಮೇಲೆ ಹೋಗಿ ಬೆಂಚಿನ ಮೇಲೆ, ಎಲ್ಲರ ಜೊತೆ, ಮಗಳು ಬರುವವರೆಗೂ ಕೂತಳು.